ಹಿಟ್ಟಿನ ಕೋಳಿಯೂ ಕುಂಬಳದ ಮುಖವೂ

ಮಕ್ಕಳ ಹುಟ್ಟುಹಬ್ಬವನ್ನು ತಿಥಿಯಂತೆ ಆಚರಿಸುತ್ತಿದ್ದ ಕಾಲದಲ್ಲಿ ಅದಕ್ಕೆ ಯೋಜನೆಯೆಂಬುದೇನೂ ಬೇಕಿರಲಿಲ್ಲ. ಬೆಳಿಗ್ಗೆ ಎಣ್ಣೆಸ್ನಾನ, ಬಸದಿಯಲ್ಲಿ ದರ್ಶನ, ಹಿರಿಯರಿಗೆ ನಮಸ್ಕಾರ, ಮಧ್ಯಾಹ್ನ ಒಂದು ಸಿಹಿ, ಹೊತ್ತಿಳಿಯುವ ಮುನ್ನ ಆರತಿ. ಅಲ್ಲಿಗೆ ಮಗುವಿಗೆ ಒಂದು ವರ್ಷ ಹೆಚ್ಚಾಯಿತು. 2009ರ ಕೊನೆಯಲ್ಲಿ ಜಿಲ್ಲಾಕೇಂದ್ರವಾದ ಯಾದಗಿರಿಯಲ್ಲಿ ಮಾತ್ರವಲ್ಲ, ಶಹಾಪುರ, ಸುರಪುರಗಳಲ್ಲಿಯೂ ಈಗ ಹುಟ್ಟುಹಬ್ಬವು ದಿನಾಂಕಕ್ಕೆ ಹೊರಳಿದೆ. ಬಲೂನು, ಕೇಕು, ಉಡುಗೊರೆಗಳ ಜೊತೆಗೆ ‘ಥೀಮ್’ ಎಂಬ ಮಾತೊಂದು ಬಂದು ಸೇರಿದೆ. ಒಂದು ವರ್ಷ ಕಾಡುಪ್ರಾಣಿಗಳು, ಮತ್ತೊಂದು ವರ್ಷ ಆಕಾಶಯಾನ. ಇದರಲ್ಲಿ ದುಂದುವೆಚ್ಚವಿದೆಯೆಂದು ಹಿರಿಯರು ಗೊಣಗುವುದು ಸಹಜ. ಆ ಗೊಣಗಾಟಕ್ಕೆ ಕಾರಣವೂ ಉಂಟು. ಆದರೆ ಥೀಮು ಭಯವೇ ಆದಾಗ ಪ್ರಶ್ನೆಯು ಬರಿಯ ವೆಚ್ಚದ್ದಾಗಿ ಉಳಿಯುವುದಿಲ್ಲ.

ಯಾದಗಿರಿಯಲ್ಲಿ ಬಟ್ಟೆ ವ್ಯಾಪಾರ ಮಾಡುವ ಒಂದು ಶ್ರಾವಕ ಕುಟುಂಬದಲ್ಲಿ 2024ರ ದೀಪಾವಳಿಯ ಹೊತ್ತಿಗೆ ಈ ಪ್ರಶ್ನೆ ಎದ್ದಿತು. ಮನೆಯ ಮೊಮ್ಮಗನಿಗೆ ಅಕ್ಟೋಬರ್ 31ಕ್ಕೆ ಆರು ತುಂಬುವುದಿತ್ತು. ಆ ವರ್ಷ ಅದೇ ದಿನ ನರಕ ಚತುರ್ದಶಿ. ಹಿಂದಿನ ವರ್ಷ ಹೈದರಾಬಾದಿನಲ್ಲಿ ಸೋದರಮಾವನಿರುವ ಅಪಾರ್ಟ್‌ಮೆಂಟಿನ ಮಕ್ಕಳು ಭೂತ, ಅಸ್ಥಿಪಂಜರ, ಮಾಟಗಾತಿಯರ ವೇಷ ತೊಟ್ಟು ಮನೆಯಿಂದ ಮನೆಗೆ ಹೋಗಿ ಚಾಕೊಲೇಟು ಕೂಡಿಸಿದ್ದನ್ನು ಹುಡುಗ ಕಂಡಿದ್ದ. ತನ್ನ ಹುಟ್ಟಿದ ದಿನವೇ ಆ ‘ಹ್ಯಾಲೊವೀನ್’ ಹಬ್ಬವೆಂದು ತಿಳಿದ ಮೇಲೆ ಅವನಿಗೆ ಬೇರೆ ಮಾತೇ ಇರಲಿಲ್ಲ. ತಾಯಿ ಪಟ್ಟಿ ಬರೆಯತೊಡಗಿದಳು. ಮೂರರಿಂದ ಒಂಬತ್ತು ವರ್ಷದೊಳಗಿನ ಹನ್ನೆರಡು ಮಕ್ಕಳು. ಶಹಾಪುರದ ತವರಿನಿಂದ ನಾಲ್ವರು, ಸುರಪುರದ ನಾದಿನಿಯ ಮನೆಯಿಂದ ಮೂವರು, ಉಳಿದವರು ಓಣಿಯವರು. ಮುಖವಾಡಗಳು, ಕಪ್ಪು ಬಾವಲಿಗಳ ತೋರಣ, ತಲೆಬುರುಡೆಯ ಆಕಾರದ ಕೇಕು. ಅಜ್ಜನವರು “ಇದು ಮಿಥ್ಯಾತ್ವ” ಎಂಬ ಒಂದೇ ಮಾತಿನಿಂದ ನಿರಾಕರಿಸಿದರು. “ಮಕ್ಕಳ ಆಟಕ್ಕ ಅಷ್ಟು ದೊಡ್ಡ ಮಾತ್ಯಾಕ್ರಿ ಮಾವಾರ?” ಎಂದು ಸೊಸೆ ಕೇಳಿದಳು. ಈ ಎರಡು ಮಾತುಗಳ ನಡುವೆ ವಿಚಾರಿಸಬೇಕಾದದ್ದು ಬಹಳವಿದೆ.

ಹ್ಯಾಲೊವೀನ್ ಎಂದರೆ ಸಂತರ ದಿನದ ಹಿಂದಿನ ಸಂಜೆ. ಪಾಶ್ಚಾತ್ಯ ಕ್ರೈಸ್ತ ಸಂಪ್ರದಾಯವು ನವೆಂಬರ್ 1ನ್ನು ಸಕಲ ಸಂತರಿಗೂ 2ನ್ನು ಮೃತರ ಆತ್ಮಗಳಿಗೂ ಮೀಸಲಿಟ್ಟಿದೆ. ಅದಕ್ಕೂ ಹಿಂದೆ ಐರ್ಲೆಂಡಿನ ಕೆಲ್ಟ್ ಜನರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಆ ಸಂಧಿಕಾಲವನ್ನು ‘ಸಾವಿನ್’ ಎಂಬ ಹಬ್ಬವಾಗಿ ಆಚರಿಸುತ್ತಿದ್ದರು. ಕನ್ನಡದ ಕಿವಿಗೆ ಆ ಹೆಸರು ಬೇರೆಯೇ ಅರ್ಥ ಕೊಡುವುದು ಕೇವಲ ಕಾಕತಾಳೀಯ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಡವರು ಮನೆಬಾಗಿಲಿಗೆ ಬಂದು, ಆ ಮನೆಯ ಮೃತರಿಗಾಗಿ ಪ್ರಾರ್ಥಿಸುವೆವೆಂದು ಹೇಳಿ ಚಿಕ್ಕ ಸಿಹಿರೊಟ್ಟಿಗಳನ್ನು ಪಡೆಯುತ್ತಿದ್ದರು. ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ಒಳಗೆ ದೀಪವಿಡುವ ರೂಢಿಯಿತ್ತು. 1840ರ ದಶಕದ ಮಹಾಕ್ಷಾಮದಲ್ಲಿ ಐರಿಷರು ದೊಡ್ಡ ಸಂಖ್ಯೆಯಲ್ಲಿ ಅಮೆರಿಕೆಗೆ ವಲಸೆ ಹೋದರು. ಅಲ್ಲಿ ಗಡ್ಡೆಯ ಸ್ಥಾನವನ್ನು ಕುಂಬಳಕಾಯಿ ಪಡೆಯಿತು. ಮಿಠಾಯಿ ಕೊಡದಿದ್ದರೆ ಚೇಷ್ಟೆ ಮಾಡುವೆವೆಂಬ ಮಕ್ಕಳ ಬೆದರಿಕೆಯ ಮಾತು 20ನೆಯ ಶತಮಾನದ್ದು. ಆ ಬೆದರಿಕೆಯೊಳಗಿಂದಲೇ ಒಳ್ಳೆಯದೂ ಹುಟ್ಟಿತೆಂಬುದನ್ನು ಹೇಳಬೇಕು: 1950ರಲ್ಲಿ ಫಿಲಡೆಲ್ಫಿಯಾದ ಮಕ್ಕಳು ಆ ರಾತ್ರಿ ಮಿಠಾಯಿಯ ಬದಲು ಹಾಲಿನ ಖಾಲಿ ಡಬ್ಬಿಗಳಲ್ಲಿ ನಾಣ್ಯ ಕೂಡಿಸಿ ಪರದೇಶದ ಮಕ್ಕಳಿಗಾಗಿ ಯುನಿಸೆಫ್ ಸಂಸ್ಥೆಗೆ ಕೊಟ್ಟರು. ಆ ಪದ್ಧತಿ ಮುಂದೆ ಅಮೆರಿಕೆಯಲ್ಲೆಲ್ಲ ಹರಡಿತು.

ವೇಷವೆಂಬುದಾಗಲಿ ಮನೆಮನೆಗೆ ತಿರುಗುವುದಾಗಲಿ ಭೀಮಾ ತೀರದ ಈ ಸೀಮೆಗೆ ಹೊಸದಲ್ಲ. ಮೊಹರಂ ಬಂದರೆ ಹಳ್ಳಿಗಳಲ್ಲಿ ಮೈಗೆ ಕಪ್ಪು ಬಳಿದು ತಲೆಗೆ ಉದ್ದನೆಯ ಟೊಪ್ಪಿಗೆಯಿಟ್ಟ ಅಳ್ಳೊಳ್ಳಿ ಬವ್ವ ಕುಣಿಯುತ್ತಾನೆ, ಹುಲಿವೇಷದವರು ಬರುತ್ತಾರೆ, ಹರಕೆ ಹೊತ್ತ ಹಿಂದೂ ಮನೆಗಳ ಮಕ್ಕಳು ಕೂಡ ಫಕೀರರಾಗುತ್ತಾರೆ. ಮಳೆ ಹಿಂದೆಗೆದ ವರ್ಷ ತಲೆಯ ಮೇಲೆ ರೊಟ್ಟಿಯ ಹಂಚು ಹೊತ್ತ ಗುರ್ಚಿ ಬಾಗಿಲಿಗೆ ಬಂದರೆ ಮನೆಯವರು ನೀರು ಸುರಿದು ಹಿಟ್ಟು ಕೊಡುತ್ತಾರೆ. ಹಗಲುವೇಷದವರಂತೂ ತಮ್ಮ ಹೆಸರಿನಲ್ಲಿಯೇ ಒಂದು ನೀತಿಯನ್ನು ಇಟ್ಟುಕೊಂಡಿದ್ದಾರೆ: ಬೆಳಕಿನಲ್ಲಿ, ಎಲ್ಲರ ಕಣ್ಣೆದುರಿಗೆ ವೇಷ. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಲಂಬಾಣಿ ತಾಂಡಾಗಳಲ್ಲಿ ಕನ್ಯೆಯರು ಕೈಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ‘ಮೇರಾ’ ಹಾಡಿ ಹರಸುತ್ತಾರೆ, ಹಿರಿಯರು ಕಾಣಿಕೆ ಕೊಡುತ್ತಾರೆ. ಅದೇ ಹಬ್ಬದಲ್ಲಿ ಅಗಲಿದ ಪೂರ್ವಜರ ಸ್ಮರಣೆಯೂ ನಡೆಯುತ್ತದೆ. ಕತ್ತಲೆಯ ರಾತ್ರಿ, ಮೃತರ ನೆನಪು, ದೀಪ, ಬಾಗಿಲು ತಟ್ಟುವ ಮಕ್ಕಳು: ಅಂಗಗಳೆಲ್ಲ ಅವೇ. ಒಂದು ವ್ಯತ್ಯಾಸವಿದೆ. ಲಂಬಾಣಿ ಹುಡುಗಿ ಬಾಗಿಲಿಗೆ ಬಂದಾಗ ಮನೆಯವರಿಗೆ ಹರಕೆಯ ಮಾತು ಸಿಗುತ್ತದೆ. ‘ಕೊಡು, ಇಲ್ಲದಿದ್ದರೆ’ ಎಂಬ ಮಾತು ಅಲ್ಲಿಲ್ಲ. ಅಜ್ಜನವರ ನಿರಾಕರಣೆಯು ಪರದೇಶದ ಹಬ್ಬವೆಂಬ ಕಾರಣಕ್ಕೆ ಆಗಿದ್ದರೆ ಅದು ದುರ್ಬಲವಾದದ್ದು. ಕೇಕೂ ಪರದೇಶದ್ದೇ.

ಮುಖವಾಡಗಳು ಕೊರಿಯರಿನಲ್ಲಿ ಬಂದ ದಿನವೇ ವಿಷಯ ಬೇರೆ ತಿರುವು ಪಡೆಯಿತು. ಹುಡುಗನು ರಕ್ತ ಸುರಿಯುವ ಬಾಯಿಯ ಮುಖವೊಂದನ್ನು ಧರಿಸಿ, ಅಡುಗೆಮನೆಯ ಬಾಗಿಲ ಹಿಂದೆ ನಿಂತು, ಮೂರು ವರ್ಷದ ತಂಗಿಯ ಮುಂದೆ ಥಟ್ಟನೆ ಹಾರಿದ. ಮಗು ಕಿರುಚಿತು. ಹುಡುಗ ನಕ್ಕ, ಆಮೇಲೆ ತಾನೂ ಗಾಬರಿಗೊಂಡು ಮುಖವಾಡ ಕಿತ್ತು “ನಾನೇ, ನಾನೇ” ಎಂದ. ಅಳು ನಿಲ್ಲಲಿಲ್ಲ. ಅಣ್ಣನ ಬರಿಯ ಮುಖವನ್ನೇ ಅವಳು ಕೈಯಿಂದ ದೂಡಿದಳು. ಮೂರು ರಾತ್ರಿ ಅವನ ಮಗ್ಗುಲಲ್ಲಿ ಮಲಗಲು ಒಪ್ಪಲಿಲ್ಲ.

ದೊಡ್ಡವರಿಗೆ ಮುಖವಾಡವು ಮುಖದ ಮೇಲಿನ ಹೊದಿಕೆ. ಮೂರು ನಾಲ್ಕು ವರ್ಷದ ಮಗುವಿಗೆ ಅದು ಬೇರೊಂದು ಮುಖವೇ. ನಿಜ ಮತ್ತು ಸೋಗುಗಳ ಗೆರೆ ಆ ವಯಸ್ಸಿನಲ್ಲಿ ಇನ್ನೂ ಗಟ್ಟಿಯಾಗಿರುವುದಿಲ್ಲ; ಆರು ಏಳರ ಹೊತ್ತಿಗೆ ಬಹುಪಾಲು ಮಕ್ಕಳಲ್ಲಿ ಅದು ನೆಲೆಗೊಳ್ಳುತ್ತದೆ. ಆದುದರಿಂದ ಒಂದೇ ಪಾರ್ಟಿಯಲ್ಲಿ ಆರು ವರ್ಷದವನಿಗೆ ವಿನೋದವಾದದ್ದು ಮೂರು ವರ್ಷದವಳಿಗೆ ವಿನೋದವಲ್ಲ. ಆದರೆ ಇಷ್ಟೇ ಆಗಿದ್ದರೆ ಚಿಕ್ಕ ಮಕ್ಕಳನ್ನು ಬೇರೆ ಕೂಡಿಸಿದರೆ ಸಾಕಾಗುತ್ತಿತ್ತು. ಗಮನಿಸಬೇಕಾದದ್ದು ಆ ಹುಡುಗನ ನಗುವನ್ನು. ತನಗಿಂತ ಚಿಕ್ಕವರ ಅಳುವಿನಲ್ಲಿ ತನ್ನ ಬಲವನ್ನು ಕಂಡುಕೊಳ್ಳುವ ರುಚಿ ಅವನಿಗೆ ಆ ಕ್ಷಣದಲ್ಲಿ ದೊರೆಯಿತು. ಹಾಸ್ಯ, ಭಯ, ಜುಗುಪ್ಸೆ ಇವು ಒಂಬತ್ತು ನೋಕಷಾಯಗಳಲ್ಲಿ ಎಣಿಕೆಯಾದವು; ಈ ಹಬ್ಬದಲ್ಲಿ ಮೂರೂ ಒಟ್ಟಿಗೇ ಬರುತ್ತವೆ. ಭಯವೇದನೀಯ ಕರ್ಮದ ಆಸ್ರವಕ್ಕೆ ಕಾರಣ ಹೇಳುವಾಗ ಪೂಜ್ಯಪಾದರ ಸರ್ವಾರ್ಥಸಿದ್ಧಿಯು ತಾನು ಅಂಜುವುದನ್ನೂ ಪರರನ್ನು ಅಂಜಿಸುವುದನ್ನೂ ಜೊತೆಗೇ ಇಟ್ಟಿದೆ. ಅಂಜಿಸುವವನು ಭಯದಿಂದ ಹೊರಗಿದ್ದಾನೆಂದು ಆಚಾರ್ಯರು ಎಣಿಸಲಿಲ್ಲ. ಅಂದಿನ ರಾತ್ರಿ ದೀಪವಾರಿಸಬೇಡವೆಂದು ಮೊದಲು ಕೇಳಿದವನು ಆ ಹುಡುಗನೇ.

ಮುಖವಾಡಗಳ ಕಟ್ಟಿನಲ್ಲಿ ಇನ್ನೊಂದಿತ್ತು: ಬಾಗಿದ ಮೂಗು, ಉದುರಿದ ಹಲ್ಲು, ಕೆದರಿದ ನರೆಗೂದಲು, ಜೊತೆಗೊಂದು ಪುಟ್ಟ ಪೊರಕೆ. ಪಾತ್ರೆ ತೊಳೆಯಲು ಬರುವ ಹೆಂಗಸು ಅದನ್ನು ಎತ್ತಿ ಬಹಳ ಹೊತ್ತು ನೋಡಿದಳು. “ಅಕ್ಕಾರ್ರೀ, ಇದು ಯಾರ ಮಾರೀರಿ? ನಮ್ಮೂರಾಗ ಇಂಥ ಮುದುಕೀನ್ನೇ ಬಾನಾಮತಿಯಾಕಿ ಅಂತ ಹೊಡದಿದ್ರು” ಎಂದಳು. ಅವಳು ಕೋಪದಿಂದ ಹೇಳಲಿಲ್ಲ. ಗುರುತು ಹಿಡಿದವಳಂತೆ ಹೇಳಿದಳು.

ಆ ಮಾತು ಮನೆಯೊಡತಿಯನ್ನು ತಟ್ಟಿದಂತೆ ಬೇರಾವ ಉಪದೇಶವೂ ತಟ್ಟಲಿಲ್ಲ. ಅಮೆರಿಕೆಯ ಸೇಲಂ ಎಂಬ ಊರಿನಲ್ಲಿ 1692ರಲ್ಲಿ ಮಾಟಗಾತಿತನದ ಆರೋಪ ಹೊರಿಸಿ 19 ಮಂದಿಯನ್ನು ಗಲ್ಲಿಗೇರಿಸಿದರು. ಮುನ್ನೂರು ವರ್ಷಗಳಾಚೆ ಅಲ್ಲಿ ಮಾಟಗಾತಿ ಆಟಿಕೆಯಾದಳು. ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಅಷ್ಟು ದೂರ ಇನ್ನೂ ಬಿದ್ದಿಲ್ಲ. ಬಾನಾಮತಿಯ ಭಯವು ಬೀದರ, ಕಲಬುರಗಿ, ಯಾದಗಿರಿಗಳ ಸೀಮೆಯಲ್ಲಿ ಜನರ ನೆನಪಿನಲ್ಲಿಯೇ ಇದೆ. ಒಂಟಿ ವಿಧವೆ, ಮಕ್ಕಳಿಲ್ಲದವಳು, ಮಾತು ಒರಟಾದ ಮುದುಕಿ ಇಂಥವರ ಮೇಲೆಯೇ ಆ ಭಯವು ಹೋಗಿ ಎರಗುತ್ತದೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು ಕರ್ನಾಟಕವು 2017ರಲ್ಲಿ ಅಧಿನಿಯಮವನ್ನು ರಚಿಸಬೇಕಾಯಿತು. ಅದು 2020ರಲ್ಲಿ ಜಾರಿಗೆ ಬಂದಿತು. ಕಾನೂನು ಬೇಕಾದ ಕಡೆ ಆ ಮುಖವು ಆಟಿಕೆಯಲ್ಲ. ಭಯಾನಕವೆಂದು ಯಾರನ್ನು ಚಿತ್ರಿಸುತ್ತೇವೋ ಅವರಿಗೆ ಏಟು ಬೀಳುತ್ತದೆ; ಮಕ್ಕಳ ಕೈಯಲ್ಲಿ ಆ ಚಿತ್ರವನ್ನು ಇಡುವಾಗ ಇದನ್ನು ತಿಳಿದಿರಬೇಕು.

ಗೂಬೆಯ ಪಾಡೂ ಇದೇ. ದೀಪಾವಳಿಯ ಸುಮಾರಿಗೆ ಮಾಟ ಮಂತ್ರಗಳಿಗೆಂದು ಗೂಬೆಗಳನ್ನು ಹಿಡಿದು ಮಾರುವುದು, ಕೊಲ್ಲುವುದು ಭಾರತದಲ್ಲಿ ಇಂದಿಗೂ ನಿಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದ್ದರೂ ಕದ್ದು ನಡೆಯುತ್ತದೆ. ಹೊಲದ ಇಲಿಗಳನ್ನು ತಿಂದು ರೈತನಿಗೆ ಉಪಕರಿಸುವ ಪಕ್ಷಿ, ಅಪಶಕುನವೆಂಬ ಹೆಸರಿನಿಂದ ಸಾಯುತ್ತದೆ.

ಇನ್ನು ಕೇಕು. ಬುರುಡೆಯ ಆಕಾರ, ಕತ್ತರಿಸಿದರೆ ಒಳಗಿನಿಂದ ಕೆಂಪು ರಸ ಹರಿಯುವಂತೆ ಮಾಡುವೆವೆಂದು ಬೇಕರಿಯವರು ಹೇಳಿದ್ದರು. ಮೊಟ್ಟೆ ಹಾಕದಿದ್ದರೆ ದೋಷವೇನೆಂದು ಮೊದಲಿಗೆ ಯಾರಿಗೂ ತೋರಲಿಲ್ಲ. ಕನ್ನಡದಲ್ಲಿ ಇದಕ್ಕೆ ಎಂಟು ನೂರು ವರ್ಷಗಳಷ್ಟು ಹಳೆಯ ಉತ್ತರವಿದೆ. 1209ರಲ್ಲಿ ಜನ್ನ ಕವಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಅರಸನು ತಾಯಿಯ ಒತ್ತಾಯವನ್ನು ಮೀರಲಾರದೆ, ಜೀವಹಿಂಸೆಯೂ ಆಗದಿರಲೆಂದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಕತ್ತಿ ತಗುಲಿದಾಗ ಆ ಕೋಳಿ ಕೂಗುತ್ತದೆ. ಹಿಟ್ಟಿನಲ್ಲಿ ಜೀವವಿರಲಿಲ್ಲ, ಕತ್ತಿಯೆತ್ತಿದವನ ಸಂಕಲ್ಪದಲ್ಲಿ ಕೊಲೆಯಿತ್ತು. ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು ಮೊದಲಾದ ಜನ್ಮಗಳಲ್ಲಿ ತೊಳಲಿದ ಕಥೆಯನ್ನು ಓದುಗರು ಬಲ್ಲರು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕಕ್ಕೆ ಇದೇ ವಸ್ತುವನ್ನು ಎತ್ತಿಕೊಂಡರು. 13ನೆಯ ಶತಮಾನದವರೇ ಆದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ, ಬೇಟೆಯನ್ನು ತ್ಯಜಿಸಿದವನು ಬಟ್ಟೆ, ನಾಣ್ಯ, ಮಣ್ಣು ಇತ್ಯಾದಿಗಳಲ್ಲಿ ರೂಪಿಸಿದ ಜೀವಿಯನ್ನೂ ಛೇದಿಸಬಾರದೆಂದು ವಿಧಿಸಿದ್ದಾರೆ. ಆಯುಧಪೂಜೆಯ ದಿನ ಕುಂಕುಮ ತುಂಬಿದ ಬೂದುಗುಂಬಳವನ್ನು ಒಡೆಯಲು ಕೆಲವು ಮನೆಗಳಲ್ಲಿ ಹಿಂಜರಿಯುವುದಕ್ಕೆ ಇದೇ ಕಾರಣ. ಆದರೆ ನಿಷ್ಠುರವಾಗಿ ಹೇಳುವುದಾದರೆ, ಅದೇ ಮನೆಯಲ್ಲಿ ಹಿಂದಿನ ವರ್ಷ ಮೊಲದ ಆಕಾರದ ಕೇಕನ್ನು ಕಿವಿಯಿಂದ ಮೊದಲ್ಗೊಂಡು ಕತ್ತರಿಸಿ ಚಪ್ಪಾಳೆ ತಟ್ಟಿದ್ದರು. ಆಗ ಮಿಥ್ಯಾತ್ವದ ಮಾತು ಯಾರಿಗೂ ನೆನಪಾಗಿರಲಿಲ್ಲ. ಭೂತವನ್ನು ಕಂಡು ಬೆಚ್ಚುವ ಧರ್ಮಬುದ್ಧಿಯು ಮುದ್ದಾದ ಮೊಲವನ್ನು ಕಂಡು ನಿದ್ರಿಸಿದರೆ ಅದು ಬರಿಯ ಅಭ್ಯಾಸವೇ ಹೊರತು ವಿವೇಕವಲ್ಲ.

ಭೂತಪ್ರೇತಗಳ ಭಯಕ್ಕಂತೂ ಜೈನದರ್ಶನದಲ್ಲಿ ಹೆಚ್ಚು ಎಡೆಯಿಲ್ಲ. ದೇಹ ಬಿಟ್ಟ ಜೀವವು ಕೆಲವೇ ಸಮಯಗಳಲ್ಲಿ ಇನ್ನೊಂದು ಜನ್ಮವನ್ನು ಸೇರುತ್ತದೆ. ಅಲೆದಾಡುವ ಮೃತರೇ ಇಲ್ಲ. ಭೂತ, ಪಿಶಾಚ, ರಾಕ್ಷಸರೆಂಬವರು ವ್ಯಂತರ ದೇವರ ಎಂಟು ಭೇದಗಳಲ್ಲಿ ಸೇರಿದವರು, ತಮ್ಮ ಆಯುಷ್ಯವನ್ನು ಕಳೆಯುತ್ತಿರುವ ಜೀವಿಗಳು. ಅಸ್ಥಿಪಂಜರವು ಅಶುಚಿತ್ವ ಭಾವನೆಯಲ್ಲಿ ಶಾಂತವಾಗಿ ಚಿಂತಿಸುವ ವಸ್ತು. ಮಕ್ಕಳಿಗೆ ಇದನ್ನೆಲ್ಲ ಬೋಧಿಸಬೇಕಾಗಿಲ್ಲ. ಅವರಿಗೆ ಹೇಳಲು ಕಥೆಯೊಂದಿದೆ. ಬಾಲಕ ವರ್ಧಮಾನನು ಗೆಳೆಯರೊಡನೆ ಮರದ ಮೇಲೆ ಆಡುತ್ತಿದ್ದಾಗ ಸಂಗಮನೆಂಬ ದೇವನು ಘೋರ ಸರ್ಪದ ರೂಪ ತಾಳಿ ಬುಡವನ್ನು ಸುತ್ತಿದ. ಇತರ ಮಕ್ಕಳು ಕೊಂಬೆಗಳಿಂದ ಧುಮುಕಿ ಓಡಿದರು. ವರ್ಧಮಾನನು ಆ ಹೆಡೆಯ ಮೇಲೆಯೇ ಕಾಲಿಟ್ಟು ಇಳಿದು, ತಾಯಿಯ ಮಡಿಲಲ್ಲಿ ಆಡುವಂತೆ ಅದರೊಡನೆ ಆಡಿದ. ಅಂಜಿಸಲು ಬಂದವನೇ ಅವನನ್ನು ಮಹಾವೀರನೆಂದು ಕರೆದು ಹೋದ. ಮಕ್ಕಳ ಆಟ, ಸೋಗಿನ ಭಯಂಕರ ರೂಪ, ಇದೂ ಅದೇ ಪ್ರಸಂಗ. ಯಶೋಧರನ ಕಥೆಯಲ್ಲಿಯೂ ಮಾರಿಯ ಗುಡಿಯ ಮುಂದೆ ನಿಂತ ಎಳೆಯ ಅಣ್ಣ ತಂಗಿಯರ ಹೆಸರು ಅಭಯರುಚಿ, ಅಭಯಮತಿ. ಅಲ್ಲಿ ಅಣ್ಣನು ತಂಗಿಗೆ ಧೈರ್ಯ ಹೇಳುತ್ತಾನೆ.

ಹೆಸರಿನಿಂದ ಭಯ ಹುಟ್ಟುವಂತೆ ಹೆಸರಿನಿಂದಲೇ ಅದು ಕಳೆಯುವುದೂ ಉಂಟು. ಶಹಾಪುರದ ಬೆಟ್ಟಸಾಲು ದೂರದಿಂದ ಅಂಗಾತ ಮಲಗಿದ ಮನುಷ್ಯಾಕಾರವಾಗಿ ಕಾಣುತ್ತದೆ. ಮಬ್ಬಿನಲ್ಲಿ ಮಗು ಅದನ್ನು ರಕ್ಕಸನೆನ್ನಬಹುದಿತ್ತು. ಜನರು ಮಲಗಿದ ಬುದ್ಧನೆಂದು ಕರೆದರು. ಮಕ್ಕಳು ಈಗ ಅದರ ಮೂಗು, ಗಲ್ಲಗಳನ್ನು ತೋರಿಸುತ್ತ ಹೋಗುತ್ತಾರೆ. ಸುರಪುರದಾಚೆ ರಾಜನಕೋಳೂರಿನಲ್ಲಿ ಪ್ರಾಚೀನರು ಮೃತರಿಗಾಗಿ ನಿಲ್ಲಿಸಿದ ಕಲ್ಮನೆಗಳಿವೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು 1850ರ ದಶಕದಲ್ಲಿ ಅವುಗಳ ಬಗೆಗೆ ಬರೆದನು. ಇಂಥ ಸಮಾಧಿಗಳನ್ನು ಕನ್ನಡನಾಡಿನ ಜನರು ಗಿಡ್ಡ ದೇಹದ ಮೋರ್ಯರು ವಾಸಿಸಿದ ಮನೆಗಳೆಂದು ಹೇಳಿಕೊಂಡು ಬಂದಿದ್ದಾರೆ. ಸುಡುಗಾಡು ಮನೆಯಾಯಿತು.

ಯಾದಗಿರಿಯ ಆ ತಾಯಿ ತನ್ನ ಪಟ್ಟಿಯನ್ನು ಹರಿದು ಹಾಕಲಿಲ್ಲ, ತಿದ್ದಿದಳು. ಥೀಮು ‘ಇರುಳಿನ ಜೀವಿಗಳು’ ಎಂದಾಯಿತು: ಗೂಬೆ, ಬಾವಲಿ, ಮಿಂಚುಹುಳು, ನರಿ, ಮುಳ್ಳುಹಂದಿ. ಮುಖವಾಡಗಳಿಲ್ಲ, ಹಣೆಗೆ ಕಟ್ಟುವ ರಟ್ಟಿನ ಕಿವಿ ಕೊಕ್ಕುಗಳು, ಬಟ್ಟೆಯಂಗಡಿಯ ಚೂರುಗಳಿಂದ ಹೊಲಿದ ರೆಕ್ಕೆಗಳು. ಬಂದ ಮಕ್ಕಳು ಅಲ್ಲಿಯೇ ಒಬ್ಬರಿಗೊಬ್ಬರು ಬಣ್ಣ ಹಚ್ಚಿಕೊಳ್ಳಬೇಕು, ವೇಷವಾಗುವುದನ್ನು ಚಿಕ್ಕವರು ಕಣ್ಣಾರೆ ನೋಡಬೇಕು. ಅಕ್ಟೋಬರಿನ ಕೊನೆಗೆ ಯಾದಗಿರಿಯಲ್ಲಿ ಆರು ಗಂಟೆಗೆ ಮುನ್ನವೇ ಸೂರ್ಯಾಸ್ತ. ಚಾತುರ್ಮಾಸ್ಯ ಬೇರೆ. ಆದುದರಿಂದ ಮೂರಕ್ಕೆ ಆರಂಭ, ಐದರೊಳಗೆ ಊಟ ಮುಕ್ತಾಯ. ಇದರಿಂದ ಶಹಾಪುರ, ಸುರಪುರದವರು ಬೆಳಕಿನಲ್ಲಿಯೇ ಭೀಮಾ ಸೇತುವೆ ದಾಟಿ ಹೊರಡಲೂ ಅನುಕೂಲ. ಸುಸಲಾ, ಶೇಂಗಾ ಹೋಳಿಗೆ, ಬಾಳೆಹಣ್ಣು. ಮಿಠಾಯಿಗಳಲ್ಲಿ ಹಸಿರು ಗುರುತನ್ನು ನೋಡಿಯೇ ಕೊಳ್ಳಬೇಕು: ಮೆತ್ತನೆಯ ಜೆಲ್ಲಿಗಳಲ್ಲಿ ಪ್ರಾಣಿಗಳ ಎಲುಬು ಚರ್ಮಗಳಿಂದ ತೆಗೆದ ಜೆಲಟಿನ್ ಇರುವುದುಂಟು, ಇ-120 ಎಂಬ ಕೆಂಪು ಬಣ್ಣ ಕೀಟಗಳನ್ನು ಅರೆದು ಮಾಡಿದ್ದು. ಕೇಕು ಗುಂಡಗಿನ ಬಿಳಿಯ ಹುಣ್ಣಿಮೆ ಚಂದ್ರ. “ಚಂದ್ರನೂ ಜ್ಯೋತಿಷ್ಕ ದೇವನೇ ಅಲ್ಲೇನವ್ವ?” ಎಂದು ಅಜ್ಜನವರು ನಕ್ಕರು, ಆದರೆ ತಡೆಯಲಿಲ್ಲ. ಕುಂಬಳಕಾಯಿಗೆ ಕಣ್ಣು ಬಾಯಿ ಕೊರೆಯದೆ ನಕ್ಷತ್ರಾಕಾರದ ರಂಧ್ರಗಳನ್ನು ಮಾಡಿ ಒಳಗೆ ಬ್ಯಾಟರಿಯ ಪುಟ್ಟ ದೀಪವಿಡುವುದೆಂದಾಯಿತು. ಬಟ್ಟೆಯ ರೆಕ್ಕೆ ಕಟ್ಟಿದ ಮಕ್ಕಳ ನಡುವೆ ಮೇಣದ ಬತ್ತಿ ಅಪಾಯ. ತೆಗೆದ ತಿರುಳು ಮರುದಿನದ ಕಡುಬಿಗೆ. ಹುಡುಗನು ಎರಡು ದಿನ ಮುನಿದುಕೊಂಡಿದ್ದ. ತಂಗಿಗೆ ಮಿಂಚುಹುಳುವಿನ ರೆಕ್ಕೆ ಕಟ್ಟುವ ಕೆಲಸ ತನ್ನದೆಂದು ತಿಳಿದ ಮೇಲೆ ಕೆಲವು ಮಾತು ಆಡಿದ.

ಇಂತಹ ಕೂಟವನ್ನು ಏರ್ಪಡಿಸುವವರು ಕರೆಯೋಲೆಯಲ್ಲಿಯೇ ಎರಡು ಮಾತು ಬರೆದರೆ ಒಳಿತು: ಮುಖ ಮುಚ್ಚುವ ವೇಷ ಬೇಡ, ಪಟಾಕಿ ಬೇಡ. ಮನೆಯ ಹೊರಕೋಣೆಯಲ್ಲಿ ಬೆಳಕು ಹೆಚ್ಚಿರುವ ಕಡೆ ಒಬ್ಬ ಹಿರಿಯರು ಯಾವ ವೇಷವೂ ಇಲ್ಲದೆ ಕುಳಿತಿರಲಿ. ಬಂದ ಮಗು ಹೊಸ್ತಿಲಲ್ಲಿಯೇ ನಿಂತುಬಿಟ್ಟರೆ ಕೈಹಿಡಿದು ಎಳೆಯಬಾರದು, ‘ಅಂಜುಬುರುಕ’ ಎನ್ನಬಾರದು. ಅದು ಒಳಗಿನದನ್ನು ಬಾಗಿಲಿನಿಂದಲೇ ನೋಡಿ ಮುಗಿಸಿ, ಅಲ್ಲಿಯೇ ಕುಳಿತು ತನ್ನ ಹೋಳಿಗೆ ತಿನ್ನಲಿ.